ಮೆಟ್ಟಿಲ ಕೆಳಗೆ ನಿಂತವರು

ನಮ್ಮ ಹಾಸ್ಟೆಲಿನಲ್ಲಿ ಕಣ್ಣು ಕಾಣದ ಒಬ್ಬ ಗೆಳೆಯನಿದ್ದ. ಬಿ.ಎ. ಓದುತ್ತಿದ್ದ. ನಾವು ನೋಟ್ಸು ನೋಡಿ ಮರೆಯುವುದನ್ನು ಅವನು ಒಂದು ಸಲ ಕೇಳಿ ಬಾಯಲ್ಲಿ ಹೇಳುತ್ತಿದ್ದ. ಪರೀಕ್ಷೆಯ ದಿನ ಅವನು ಹೇಳಿದ್ದನ್ನು ಬರೆಯಬೇಕಾದ ಸ್ಕ್ರೈಬ್ ಬರಲಿಲ್ಲ. 'ಬೇರೆ ಯಾರನ್ನಾದ್ರೂ ಕರ್ಕೊಂಬಾ, ಇಲ್ಲಾಂದ್ರೆ ಮುಂದಿನ ಸಲ ಬರಿ' ಅಂದುಬಿಟ್ಟರು ಕಚೇರಿಯವರು. ಮೂರು ಗಂಟೆ ವರಾಂಡದಲ್ಲಿ ಕೂತು ಎದ್ದು ಬಂದ.

ಆ ಹೊತ್ತಿನಲ್ಲಿ ನಾವೇನು ಮಾಡುತ್ತಿದ್ದೆವು? ಪಿಯುಸಿ ಓದುವ ಹುಡುಗರು ರಜೆ ಅಂತ ಹಾಸ್ಟೆಲಿನಲ್ಲೇ ಮಲಗಿದ್ದರು. ಅವನು ಯಾರನ್ನೂ ಕೇಳಿರಲಿಲ್ಲ. ಕೇಳುವಷ್ಟು ಸಲಿಗೆಯನ್ನು ನಾವು ಕೊಟ್ಟಿರಲಿಲ್ಲ. ಹೆಸರು ಹಿಡಿದು ಕರೆದದ್ದಕ್ಕಿಂತ 'ಏ ಕುರುಡ' ಎಂದು ಕರೆದದ್ದೇ ಹೆಚ್ಚು. ಜಾತಿ ಹಿಡಿದು ಯಾರಾದರೂ ನಮ್ಮನ್ನು ಕರೆದರೆ ರಕ್ತ ಕುದಿಯುವ ನಾವು!

ಬಾಲಕ ಭೀಮರಾವ್ ಸಾತಾರಾದ ಶಾಲೆಯಲ್ಲಿ, ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂತು ಓದಿದ್ದನ್ನು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಆದರೆ ನಮ್ಮ ಜೊತೆ ಓದುವ ಊರುಗೋಲಿನ ಹುಡುಗಿ, ಮಹಡಿಯ ತರಗತಿಗೆ ಹತ್ತಲಾರದೆ ಮೆಟ್ಟಿಲ ಕೆಳಗೆ ನಿಂತರೆ ಅದು ನಮಗೆ ಅವಳ ಕಾಲಿನ ದೋಷವಾಗಿ ಕಾಣುತ್ತದೆ. ಅವಳು ಹೋಗಬಲ್ಲ ಶೌಚಾಲಯವಿಲ್ಲ. ಅದಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ನೀರು ಕುಡಿಯುವುದಿಲ್ಲ. ನೀರು ಮುಟ್ಟಬೇಡ ಎಂದು ಅಂದು ಜಾತಿ ಹೇಳಿತು. ಇಂದು ಕಟ್ಟಡ ಹೇಳುತ್ತಿದೆ.

ಕೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ ಎಂದರು. ಕಣ್ಣಿಲ್ಲದೆ ಹುಟ್ಟಿದವರಿಗೂ ಅದೇ ಮಾತು ಹೇಳಿದರು. ಕರ್ಮದ ಈ ಲೆಕ್ಕಪುಸ್ತಕ ಒಂದೇ. ನಮ್ಮ ಪುಟವನ್ನು ಹರಿದು ಹಾಕಿ ಅವರ ಪುಟವನ್ನು ಉಳಿಸಿಕೊಂಡರೆ ಅದು ಎಂಥ ವಿಚಾರವಾದ? ನಮ್ಮನ್ನು 'ಹರಿಜನ' ಎಂದು ಕರೆದಾಗ ಆ ಸಕ್ಕರೆ ನಮಗೆ ಬೇಡ ಎಂದೆವು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಅಂಗವಿಕಲರನ್ನು 'ದಿವ್ಯಾಂಗ' ಎಂದು ಕರೆಯೋಣ ಎಂದರು. ದಿವ್ಯವಾದ ಹೆಸರು ಇಟ್ಟುಕೊಂಡು ಮೆಟ್ಟಿಲ ಕೆಳಗೆ ನಿಲ್ಲಬೇಕೇ?

ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ ಅಂಗವಿಕಲರು ಶೇ. 2.21. ಪರಿಶಿಷ್ಟ ಜಾತಿಯವರಲ್ಲಿ ಶೇ. 2.45. ಹಸಿದ ಬಸುರಿ, ಹೊತ್ತಿಗೆ ಸಿಗದ ಡಾಕ್ಟರು, ಮೈ ಮುರಿಯುವ ಕೂಲಿ ಕಂಡ ನಮ್ಮ ಕೇರಿಗಳಿಗೆ ಇದು ಯಾಕೆ ಹೀಗೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಇನ್ನು ಉನ್ನತ ಶಿಕ್ಷಣದ ಮಾತು. ಕೇಂದ್ರ ಸರ್ಕಾರದ 2020-21ರ ಸಮೀಕ್ಷೆಯಂತೆ ದೇಶದಲ್ಲಿ ಓದುತ್ತಿದ್ದವರು 4.14 ಕೋಟಿ. ಅವರಲ್ಲಿ ಅಂಗವಿಕಲರು ಸುಮಾರು 79 ಸಾವಿರ. ಸಾವಿರಕ್ಕೆ ಇಬ್ಬರೂ ಇಲ್ಲ! ಉಳಿದವರು ಎಲ್ಲಿ? ಮನೆಯ ಜಗಲಿಯ ಮೇಲೆ.

ಕಾನೂನು ಇಲ್ಲವೇ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಉಳ್ಳವರಿಗೆ ಶೇ. 5ರಷ್ಟಾದರೂ ಸೀಟು ಇಡಲೇಬೇಕು ಎನ್ನುತ್ತದೆ. ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯೂ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಹೊತ್ತು ಕೊಡಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಶೇ. 40 ಇಲ್ಲ ಎಂಬ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಿಕಾಶ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು.

'ಅವರಿಗೂ ಮೀಸಲಾತಿ ಅಂದ್ರೆ ನಮ್ಮದಕ್ಕೆ ಕತ್ತರಿ ಅಲ್ವಾ?' ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಅಲ್ಲ ಕಣ್ರಪ್ಪಾ. ಇದು ಅಡ್ಡ ಮೀಸಲಾತಿ, ಎಲ್ಲ ವರ್ಗಗಳ ಒಳಗೂ ಹಾಯುವಂಥದ್ದು. ಇದರಲ್ಲಿ ಆಯ್ಕೆಯಾದ ಪರಿಶಿಷ್ಟ ಜಾತಿಯ ಹುಡುಗಿ ಪರಿಶಿಷ್ಟ ಜಾತಿಯ ಪಾಲಿನಲ್ಲೇ ಸೇರುತ್ತಾಳೆ. ನಮ್ಮ ಪಾಲು ಕುಗ್ಗುವುದಿಲ್ಲ. 2020ರ ಜುಲೈನಲ್ಲಿ ಆರ್ಯನ್ ರಾಜ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪರಿಶಿಷ್ಟರಿಗೆ ಕೊಡುವ ಅಂಕ ಸಡಿಲಿಕೆ ಅಂಗವಿಕಲರಿಗೂ ಸಲ್ಲಬೇಕು ಎಂದಿತು. ಅವರ ಹಕ್ಕಿಗೆ ಅಳತೆಗೋಲಾದದ್ದು ನಮ್ಮ ಹಕ್ಕು. ಹಾಗಿರುವಾಗ ನಾವು ದೂರ ನಿಲ್ಲುವುದು ಹೇಗೆ?

ಇದೇ ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆ ನೆಲದ ಮೇಲೆ 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿ ಟಿಕೆಟ್ಟು ಇದ್ದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಿಮಾನದ ಬಾಗಿಲ ತನಕ ತಳ್ಳಿಕೊಂಡು ಹೋಗುತ್ತಾರೆ. ಹಾಗಾದರೆ ಕೆಲಸ ಬಾರದ್ದೇನಲ್ಲ. ದುಡ್ಡಿದ್ದವರಿಗೆ ಬರುತ್ತದೆ, ಬಡವರ ಕಾಲೇಜಿಗೆ ಬರುವುದಿಲ್ಲ. ನಮ್ಮ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು 2025ರ ಜುಲೈನಲ್ಲಿ ಸಂಪುಟ ಒಪ್ಪಿತು. ಬೋರ್ಡು ಬದಲಿಸಲು ದುಡ್ಡು ಹುಟ್ಟುತ್ತದೆ. ಒಂದು ಇಳಿಜಾರು ದಾರಿ ಕಟ್ಟಲು ಹುಟ್ಟುವುದಿಲ್ಲವೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಾಸ್ಟೆಲ್ ಗೆಳೆಯರೇ, ಸರ್ಕಾರ ಕಣ್ಣು ಬಿಡುವ ತನಕ ಕೈಕಟ್ಟಿ ಕೂರುವುದು ಬೇಡ. ಪ್ರತಿ ಹಾಸ್ಟೆಲಿನಲ್ಲೂ ಪರೀಕ್ಷೆ ಬರೆದುಕೊಡಲು ಒಪ್ಪುವವರ ಪಟ್ಟಿ ಮಾಡೋಣ. ಬರೆದುಕೊಡುವವರ ಓದು ಪರೀಕ್ಷೆಗೆ ಕೂತವರ ಓದಿಗಿಂತ ಕೆಳಗಿರಬೇಕು ಎಂಬ ನಿಯಮವಿರುವುದರಿಂದ ಪಿಯುಸಿಯ ತಮ್ಮ ತಂಗಿಯರೇ ಇದಕ್ಕೆ ಮುಂದೆ ಬರಬೇಕು. ತಿಂಗಳು ಮುಂಚೆಯೇ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಅವರ ವಿಶ್ವವಿದ್ಯಾಲಯದ ನಿಯಮವನ್ನು ಬರಹದಲ್ಲೇ ಕೇಳಿ. ಪಾಠಗಳನ್ನು ಓದಿ ಮೊಬೈಲಿನಲ್ಲಿ ದನಿ ಹಿಡಿದು ಕೊಡಿ. ಊರುಗೋಲಿನವರ ತರಗತಿಯನ್ನು ನೆಲಮಹಡಿಗೆ ಇಳಿಸಿ ಎಂದು ಪಟ್ಟು ಹಿಡಿಯಿರಿ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ, ವೇಳಾಪಟ್ಟಿ ತಿದ್ದಿದರೆ ಸಾಕು. ಕೇಳದಿದ್ದರೆ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅವರ ಜೊತೆಗೇ ಹೋಗೋಣ. ಮುಂದೆ ನಿಂತು ಮಾತಾಡುವವರು ಅವರು. ನಾವು ಪಕ್ಕದಲ್ಲಿರೋಣ.

ನಮ್ಮ ಗೆಳೆಯ ಆ ವರ್ಷ ಊರಿಗೆ ಹೋದವನು ಮತ್ತೆ ಬರಲಿಲ್ಲ. ಅವನ ಮಂಚಕ್ಕೆ ಬೇರೆ ಹುಡುಗ ಬಂದ. ಈ ಸಲ ಪರೀಕ್ಷೆಯ ದಿನ ಯಾವ ವರಾಂಡದಲ್ಲೂ ಯಾರೂ ಹಾಗೆ ಕೂರದಂತೆ ನೋಡಿಕೊಳ್ಳೋಣ.

ಜೈ ಭೀಮ್.