ಮಡಿಲು ಬದಲಾದರೆ ಸಾಲದು

ಸಾಂತಾಕ್ರೂಜ್ ಪೂರ್ವದ ಕನ್ನಡ-ತುಳು ಮನೆಗಳಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದ ಹಿರಿಯರು ಇಂದಿಗೂ ಕಾಣಸಿಗುತ್ತಾರೆ. ಊರಿನಲ್ಲಿ ತಂದೆ ತೀರಿಕೊಂಡರೆ, ಬೇಸಾಯ ಕೈಕೊಟ್ಟರೆ, ಮುಂಬಯಿಯ ಮಾವನೋ ಚಿಕ್ಕಮ್ಮನೋ ಒಂದು ಮಗುವನ್ನು ಕರೆತಂದು ಸಾಕುತ್ತಿದ್ದರು, ರಾತ್ರಿಶಾಲೆಗೆ ಸೇರಿಸುತ್ತಿದ್ದರು. ಅದಕ್ಕೆ ಯಾವ ಪತ್ರವೂ ಬೇಕಿರಲಿಲ್ಲ, ಹಿರಿಯರ ಮಾತು ಸಾಕಿತ್ತು. ಇಂದು ಅದೇ ಮನೆಗಳ ಮುಂದಿನ ತಲೆಮಾರು ಲಂಡನ್ನಿನಲ್ಲಿದೆ, ನ್ಯೂಜೆರ್ಸಿಯಲ್ಲಿದೆ, ಮಸ್ಕತ್ತಿನಲ್ಲಿದೆ. ಒಡಹುಟ್ಟಿದವರ ಮಗುವನ್ನು ಮಡಿಲಿಗೆ ಹಾಕಿಕೊಳ್ಳುವ ಹಂಬಲ ಹಾಗೆಯೇ ಉಳಿದಿದೆ. ಆದರೆ ನಡುವೆ ಈಗ ಎರಡು ಸರಕಾರಗಳು ನಿಂತಿವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ದಂಪತಿಗಳೊಬ್ಬರು ಇಂಗ್ಲೆಂಡಿನಿಂದ ಬಂದು, ಗತಿಸಿದ ತಮ್ಮನ ಎರಡನೆಯ ಮಗುವನ್ನು ದತ್ತು ಪಡೆದರು. ತಾಯಿ ಮನಸಾರೆ ಒಪ್ಪಿದ್ದಳು. ದತ್ತಹೋಮವಾಯಿತು, ಪತ್ರ ನೋಂದಣಿಯಾಯಿತು, ನೆಂಟರು ಉಂಡು ಹರಸಿದರು. ಆಮೇಲೆ ವೀಸಾದ ಮಾತು ಬಂದಾಗ ಆ ಪತ್ರ ಸಾಲದೆಂದು ತಿಳಿಯಿತು. ಮಗು ಎರಡು ವರ್ಷ ಉಡುಪಿ ಕಡೆಯ ಅಜ್ಜಿಯ ಮನೆಯಲ್ಲೇ ಉಳಿಯಿತು. ಕಾನೂನಿನಂತೆ ಅದು ದೊಡ್ಡಪ್ಪನ ಮಗು, ಎತ್ತಿ ಉಣಿಸುವವಳು ಹೆತ್ತವಳು. ಫೋನಿನಲ್ಲಿ ಯಾರನ್ನು ಅಮ್ಮ ಎನ್ನಬೇಕೆಂದು ಅದು ಕೇಳಿತಂತೆ. ಈ ಪ್ರಶ್ನೆಗೆ ದೊಡ್ಡವರಾದ ನಾವು ಉತ್ತರ ಕೊಡಬೇಕಾಗಿದೆ.

ತೊಡಕಿನ ಮೂಲ ಸರಳವಾಗಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ದೇಶದ ಒಳಗಿನ ಕುಟುಂಬಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡದ್ದು. ಅಲ್ಲಿ ಕೊಡುವವರು ಮತ್ತು ಪಡೆಯುವವರು ಒಪ್ಪಿ, ಷರತ್ತುಗಳು ಕೂಡಿಬಂದರೆ ದತ್ತು ಸಿದ್ಧಿಸುತ್ತದೆ. ದತ್ತಹೋಮವೂ ಅನಿವಾರ್ಯವಲ್ಲ. 1993ರ ಹೇಗ್ ಒಪ್ಪಂದ ಇನ್ನೊಂದು ಬಗೆಯದು. ಭಾರತ ಅದನ್ನು 2003ರಲ್ಲಿ ಸ್ಥಿರೀಕರಿಸಿತು. ಪಡೆಯುವವರು ಯೋಗ್ಯರು, ಮಗುವಿಗೆ ತನ್ನ ನೆಲದಲ್ಲಿ ಪ್ರವೇಶ ಮತ್ತು ಕಾಯಂ ವಾಸಕ್ಕೆ ಅನುಮತಿ ದೊರೆಯುತ್ತದೆ ಎಂದು ಸ್ವೀಕರಿಸುವ ದೇಶ ಮೊದಲೇ ಹೇಳಬೇಕು. ಬಳಿಕ ಎರಡೂ ದೇಶಗಳು ಮುಂದುವರಿಯಲು ಒಪ್ಪಬೇಕು. ಕೊನೆಗೆ ದೊರೆಯುವ ಪ್ರಮಾಣಪತ್ರವನ್ನು ಸದಸ್ಯ ದೇಶಗಳೆಲ್ಲವೂ ಮನ್ನಿಸಬೇಕು. ನಮ್ಮ ಬಳಗದ ಕುಟುಂಬ ಮಾಡಿದ್ದು ಇದಕ್ಕೆ ತಿರುಗುಮುರುಗು. ಮೊದಲು ದತ್ತು, ಆಮೇಲೆ ಅನುಮತಿ.

2015ರ ಬಾಲನ್ಯಾಯ ಕಾಯ್ದೆ ವಿದೇಶದಲ್ಲಿರುವ ಬಂಧುಗಳ ದತ್ತಿಗೆ ಪ್ರತ್ಯೇಕ ದಾರಿಯೊಂದನ್ನು ತೋರಿದೆ. ಆದರೆ ಹಿಂದೂ ಕಾಯ್ದೆಯ ದತ್ತುಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 2021ರ ತಿದ್ದುಪಡಿ ಆ ಕಂದಕಕ್ಕೆ ಒಂದು ಸಂಕ ಹಾಕಿತು. ಜಿಲ್ಲಾ ಮ್ಯಾಜಿಸ್ಟ್ರೇಟರು ಪರಿಶೀಲಿಸಿದ ಬಳಿಕ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ನಿರಾಕ್ಷೇಪಣಾ ಪತ್ರ ನೀಡಬಹುದಾಯಿತು. ಇದು ಸ್ವಾಗತಾರ್ಹ. ಆದರೆ ಹೊಳೆಗೆ ಸಂಕವಿದೆಯೆಂದು ದಾಟುವವನಿಗೆ ತಿಳಿದಿರಬೇಕಲ್ಲವೆ?

ಇಷ್ಟೊಂದು ಬಿಗಿ ಏಕೆಂದು ಕೇಳುವವರಿದ್ದಾರೆ. ಅವರಿಗೆ ನಾವು ಎರಡು ಸಂಗತಿಗಳನ್ನು ನೆನಪಿಸಬೇಕು. ಹಿಂದೆ ವಿದೇಶಿಯರು 1890ರ ಪಾಲಕತ್ವ ಕಾಯ್ದೆಯಡಿ ಮಗುವಿನ ಪಾಲಕರಷ್ಟೇ ಆಗಿ, ಅದನ್ನು ಇಲ್ಲಿಂದ ಒಯ್ದು, ತಮ್ಮ ನಾಡಿನಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಈ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪಿತ್ತಿತು. ಮೊದಲು ಸ್ವದೇಶದಲ್ಲಿ ಮನೆ ಹುಡುಕಬೇಕು, ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ವಿದೇಶಕ್ಕೆ ಕಳುಹಿಸಬೇಕು ಎಂಬ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಮಾರ್ಗಸೂಚಿಗಳು ಇಂದಿನ ವ್ಯವಸ್ಥೆಗೆ ತಳಪಾಯ. 

ಎರಡನೆಯದು ನಮ್ಮ ಮುಂಬಯಿಯದೇ. 1989ರಲ್ಲಿ ಇಲ್ಲಿಂದ ಅಮೆರಿಕಕ್ಕೆ ದತ್ತು ಹೋದ ಬಾಲಕಿಯೊಬ್ಬಳನ್ನು 2008ರಲ್ಲಿ ಆ ದೇಶ ಗಡೀಪಾರು ಮಾಡಿತು. ಅಪರಾಧವೊಂದರಲ್ಲಿ ಶಿಕ್ಷೆಯಾದಾಗ, ಅವಳಿಗೆ ಅಮೆರಿಕದ ಪೌರತ್ವವನ್ನು ಯಾರೂ ಮಾಡಿಸಿಯೇ ಇರಲಿಲ್ಲವೆಂಬುದು ಹೊರಬಿದ್ದಿತ್ತು. ದತ್ತು ಬಂದ ಮಕ್ಕಳಿಗೆ ತಾನಾಗಿ ಪೌರತ್ವ ಕೊಡುವ ಅಲ್ಲಿನ ಕಾನೂನು 2001ರಲ್ಲಿ ಜಾರಿಯಾಯಿತಾದರೂ ಆಗಲೇ ಹದಿನೆಂಟು ದಾಟಿದವರನ್ನು ಅದು ಒಳಗೊಳ್ಳಲಿಲ್ಲ. ಮಕ್ಕಳನ್ನು ಅಲ್ಲೇ ಬಿಟ್ಟು, ಭಾಷೆಯನ್ನೂ ಮರೆತ ನಗರಕ್ಕೆ ಆಕೆ ಮರಳಬೇಕಾಯಿತು. ತಪ್ಪಿಗೆ ಶಿಕ್ಷೆ ಸಲ್ಲಲಿ. ಆದರೆ ಏಳೆಂಟರ ಹರೆಯದಲ್ಲಿ ವಿಮಾನ ಹತ್ತಿದ ಮಗುವಿನ ಕಾಗದಗಳು ಪೂರ್ಣವಾಗದಿದ್ದುದು ಅದರ ತಪ್ಪೆ?

ಹಾಗೆಂದು ವಿಳಂಬವನ್ನು ನಾವು ಸಮರ್ಥಿಸುವುದಿಲ್ಲ. ದೊಡ್ಡವರಿಗೆ ಎರಡು ವರ್ಷ ಬರಿಯ ಕಾಯುವಿಕೆ, ಮಗುವಿಗೆ ಅದು ಅರ್ಧ ಬಾಲ್ಯ. ನಾವು ಹೇಳುವುದಿಷ್ಟೆ: ಪರಿಶೀಲನೆಯನ್ನು ಕಡಿಮೆ ಮಾಡದೆ ಕಾಯುವ ಕಾಲವನ್ನು ಕಡಿಮೆ ಮಾಡಬಹುದು. ಕಡತವು ಒಂದು ಮೇಜಿನಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ದಾಟುವ ಸಂದುಗಳಲ್ಲಿ ಕಾಲ ಸೋರಿಹೋಗುತ್ತದೆ. ಆದ್ದರಿಂದ ಎರಡೂ ದೇಶಗಳ ಪರಿಶೀಲನೆ ಒಂದರ ಹಿಂದೊಂದಾಗಿ ಅಲ್ಲ, ಜೊತೆಜೊತೆಯಾಗಿ, ಗೊತ್ತಾದ ಅವಧಿಯೊಳಗೆ ನಡೆಯಬೇಕು. ದತ್ತುವಿನ ನಂತರದ ವರದಿಗಳು ಈಗ ಎರಡು ವರ್ಷಗಳಿಗೆ ನಿಲ್ಲುತ್ತವೆ. ಪೌರತ್ವದ ದಾಖಲೆ ಕೈಸೇರುವವರೆಗೂ ಕಡತ ಮುಚ್ಚಕೂಡದು. ಗಲ್ಫ್ ದೇಶಗಳು ಹೇಗ್ ಒಪ್ಪಂದದಲ್ಲಿಲ್ಲ. ಅಲ್ಲಿರುವ ನಮ್ಮವರಿಗೆ ಭಾರತೀಯ ರಾಯಭಾರ ಕಚೇರಿಯೇ ಕೊಂಡಿಯಾದ್ದರಿಂದ ಅದು ಇನ್ನಷ್ಟು ಗಟ್ಟಿಯಾಗಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ, ಉಪನೋಂದಣಿ ಕಚೇರಿಗಳಲ್ಲಿ ಈ ಕ್ರಮವನ್ನೆಲ್ಲ ತಿಳಿಗನ್ನಡದಲ್ಲಿ ಬರೆದು ತೂಗುಹಾಕಬೇಕು.

ಸಂಘಸಂಸ್ಥೆಗಳ ಪಾಲೂ ಇದೆ. ಮುಂಬಯಿ ಕನ್ನಡಿಗರು ವಿದ್ಯಾರ್ಥಿವೇತನ ಹಂಚುತ್ತೇವೆ, ವಧೂವರರ ಸಮಾವೇಶ ನಡೆಸುತ್ತೇವೆ. ನಮ್ಮಲ್ಲಿರುವ ವಕೀಲರು ತಿಂಗಳಿಗೊಂದು ಸಂಜೆ ದತ್ತು ಸಲಹೆಗೆ ಮೀಸಲಿಟ್ಟರೆ ಎಷ್ಟೋ ಮಕ್ಕಳ ಕಾಲ ಉಳಿದೀತು. ‘ಹೋಮಕ್ಕೆ ಮುಹೂರ್ತ ಇಡುವ ಮೊದಲು ಆ ದೇಶ ಒಪ್ಪಿದೆಯೇ ನೋಡಿ’ ಎಂಬ ಒಂದು ಮಾತು ಸಕಾಲದಲ್ಲಿ ಕಿವಿಗೆ ಬಿದ್ದರೂ ಸಾಕು.

ಅಂದು ಮಾವನ ಮಾತು ಸಾಕಾಗಿದ್ದುದು ಏಕೆ? ಆ ಮಾತನ್ನು ಊರೆಲ್ಲ ಕೇಳಿಸಿಕೊಂಡಿತ್ತು. ತಪ್ಪಿದರೆ ಜಾತ್ರೆಯಲ್ಲೋ ಮದುವೆಯ ಚಪ್ಪರದಲ್ಲೋ ‘ಮಗು ಹೇಗಿದೆ?’ ಎಂದು ಕೇಳುವವರಿದ್ದರು. ಕಡಲಾಚೆ ಹೋಗುವ ಮಗುವಿನ ಹಿಂದೆ ಆ ಊರು ಹೋಗಲಾರದು. ಎರಡು ದೇಶಗಳ ನಡುವಿನ ಒಪ್ಪಂದ, ವರದಿ, ಮೊಹರುಗಳು ಅದರ ಬದಲಿಗೆ ‘ಮಗು ಹೇಗಿದೆ?’ ಎಂದು ಕೇಳಬೇಕು, ಮತ್ತು ಉತ್ತರ ಬರುವವರೆಗೂ ಕೇಳುತ್ತಿರಬೇಕು.