ಅಗ್ಗದ ಪ್ಯಾಕ್ ಯಾರಿಗೆ ಅಗ್ಗ?

ಪ್ರೀಪೇಯ್ಡ್ ಪ್ಯಾಕ್ ಅಗ್ಗವೋ ದುಬಾರಿಯೋ ಎಂದು ತಿಳಿಯಲು ನಾವು ಹಾಕುವ ಲೆಕ್ಕ ಸಾಮಾನ್ಯವಾಗಿ ಒಂದೇ: ಜಿಬಿಗೆ ಎಷ್ಟು ಬಿತ್ತು? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ದರ ನೆಲಕಚ್ಚಿದ ಮೇಲಂತೂ ಈ ಲೆಕ್ಕವೇ ಎಲ್ಲರ ಬಾಯಲ್ಲಿದೆ. ಬಡವರ ಮನೆಗೆ ಇದು ತಪ್ಪು ಲೆಕ್ಕ ಎಂಬುದು ನನ್ನ ವಾದ. ಅಲ್ಲಿ ಫೋನಿನ ಮೊದಲ ಕೆಲಸ ನಂಬರನ್ನು ಚಾಲ್ತಿಯಲ್ಲಿಡುವುದು. ಆದ್ದರಿಂದ ಕೇಳಬೇಕಾದದ್ದು, ಈ ನಂಬರ್ ಒಂದು ದಿನ ಬದುಕಿರಲು ಎಷ್ಟು ಖರ್ಚು ಎಂದು.

ಏಕೆಂದರೆ ನಂಬರ್ ಈಗ ಬರೀ ಮಾತಿಗಲ್ಲ. ಆಧಾರ್, ಬ್ಯಾಂಕ್ ಖಾತೆ, ಗ್ಯಾಸ್ ಬುಕಿಂಗ್ ಎಲ್ಲಕ್ಕೂ ಅದೇ ಕೊಂಡಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಖಾತೆಗೆ ಬಿತ್ತೋ ಇಲ್ಲವೋ ಎಂದು ಬ್ಯಾಂಕ್ ತಿಳಿಸುವುದೂ ಆ ನಂಬರಿಗೇ. ಕರೆನ್ಸಿ ಹಾಕಿಸದೆ ಬಿಟ್ಟ ನಂಬರ್ ರದ್ದಾಗಿ ಬೇರೊಬ್ಬರ ಪಾಲಾದರೆ ಒಟಿಪಿಯೂ ಅವರ ಕೈ ಸೇರುತ್ತದೆ. ಬಳಕೆ ಇಲ್ಲವೆಂದು 90 ದಿನದೊಳಗೆ ನಂಬರ್ ಕಡಿಯುವಂತಿಲ್ಲ, ಆ ಹೊತ್ತಿಗೆ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಇನ್ನೂ 30 ದಿನ ಉಳಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲೇ ನಿಯಮ ಮಾಡಿದೆ. ಇದರಿಂದ ನಂಬರ್ ಕೂಡಲೇ ಕೈತಪ್ಪದು, ನಿಜ. ಆದರೆ ವ್ಯಾಲಿಡಿಟಿ ಮುಗಿದ ಮೇಲೆ ಇನ್‌ಕಮಿಂಗ್ ನಿಂತರೆ ಕೈಯಲ್ಲಿರುವ ನಂಬರಿಗೆ ಅರ್ಥವೇನು?

ದಿನದ ಲೆಕ್ಕ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು 28 ದಿನದ ವ್ಯಾಲಿಡಿಟಿ. 299 ರೂಪಾಯಿಯ ಪ್ಯಾಕನ್ನು ಹನ್ನೆರಡು ಸಲ ಹಾಕಿಸಿದರೆ 3,588 ರೂಪಾಯಿ. ಆದರೆ 28ರಂತೆ ವರ್ಷ ತುಂಬಲು 13 ಸಲ ಹಾಕಿಸಬೇಕು, ಅದು 3,887. ಜನರ ದೂರು ಕೇಳಿದ ಟ್ರಾಯ್, 30 ದಿನದ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕನ್ನೂ ಇಡಲೇಬೇಕೆಂದು 2022ರಲ್ಲಿ ಆದೇಶಿಸಿತು. ಇಂಥವು ಇವೆ, ಆದರೆ ಕೇಳಿ ಪಡೆಯಬೇಕು. ಟ್ರಾಯ್‌ನ ಜಾಲತಾಣದಲ್ಲಿ ಕರ್ನಾಟಕ ವಲಯವನ್ನು ಆರಿಸಿಕೊಂಡರೆ ಎಲ್ಲ ಕಂಪನಿಗಳ ದರಗಳನ್ನೂ ಒಟ್ಟಿಗೆ ನೋಡಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಹೇಳಿ.

ದಿನಕ್ಕೆ ಒಂದೂವರೆ ಜಿಬಿಯಂತೆ 28 ದಿನಕ್ಕೆ 42 ಜಿಬಿ ಆಗುತ್ತದೆ. 299 ರೂಪಾಯಿಗೆ ಇಷ್ಟು ಎಂದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ, ಅಗ್ಗವೇ. ಆದರೆ ಅಂದಿನದು ಅಂದೇ ಮುಗಿಯಬೇಕು, ಮಿಕ್ಕದ್ದು ನಾಳೆಗೆ ಸಿಗದು. ತಿಂಗಳಲ್ಲಿ ಐದು ಜಿಬಿ ಬಳಸುವವರಿಗೆ ಅದೇ ಪ್ಯಾಕ್ ಜಿಬಿಗೆ ಅರವತ್ತು ರೂಪಾಯಿ ಬೀಳುತ್ತದೆ.

ಹೊಸ ಹೊಸ ಸೌಲಭ್ಯಗಳ ಆಸೆಯೂ ನಮ್ಮನ್ನು ದೊಡ್ಡ ಪ್ಯಾಕಿನತ್ತ ತಳ್ಳುತ್ತದೆ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋ ಮತ್ತು ಏರ್‌ಟೆಲ್ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕ್‌ಗಳಿಗೆ ಸೀಮಿತಗೊಳಿಸಿದವು. ವಾಟ್ಸಾಪ್, ಯುಪಿಐ, ಒಂದಿಷ್ಟು ಯೂಟ್ಯೂಬ್ ನೋಡುವವರಿಗೆ 4ಜಿಯೇ ಸಾಕು. ಕಾಲದ ಜೊತೆ ಹೆಜ್ಜೆ ಹಾಕಬೇಕು ಎಂಬ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ತಂದಿತು. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಲಾಗದೆ ಸುಮ್ಮನಿದ್ದವರು ಅದರಿಂದ ಮಗಳಿಗೆ ಮೆಸೇಜ್ ಕಳಿಸುವಂತಾಯಿತು. ಅಂಥದ್ದನ್ನು ಕಲಿಯಲೇಬೇಕು, ಅದಕ್ಕೆ ಹೊಸ ಫೋನೂ ಬೇಡ. ಹೊಸದನ್ನು ಕೊಳ್ಳುವುದೇ ಆದರೆ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆಂದು ಕೇಳಬೇಕು. ಹಣದ ವ್ಯವಹಾರ ನಡೆಯುವ ಫೋನಿಗೆ ಇದಕ್ಕಿಂತ ದೊಡ್ಡ ಗುಣವಿಲ್ಲ. ಬಟನ್ ಫೋನನ್ನೇ ಇಟ್ಟುಕೊಂಡವರು ಹಿಂದುಳಿದವರೆಂದೂ ಅಲ್ಲ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಮೂಲಕ ಅವರೂ ಇಂಟರ್‌ನೆಟ್ ಇಲ್ಲದೆ ಹಣ ಕಳಿಸಬಹುದು.

ಆದರೆ ಇಂಟರ್‌ನೆಟ್ಟೇ ಬೇಡದ ಬಟನ್ ಫೋನಿನವರು ಡೇಟಾಕ್ಕೆ ದುಡ್ಡು ಕೊಡುವುದೇಕೆ? ಟ್ರಾಯ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಹೇಳಿತು. ಇಂಥ ವೋಚರ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಮುಂದಿನ ತಿಂಗಳೇ ಪ್ಯಾಕ್‌ಗಳು ಬಂದವು. ಏರ್‌ಟೆಲ್ ಆಗ ಇಟ್ಟ ದರ 84 ದಿನಕ್ಕೆ 469 ರೂಪಾಯಿ, ವರ್ಷಕ್ಕೆ 1,849. ದಿನಕ್ಕೆ ಐದು ರೂಪಾಯಿಯ ಆಚೀಚೆ.

ಒಳ್ಳೆಯ ನಿರ್ಧಾರ, ಆದರೆ ಅರ್ಧ ದಾರಿಯದು. 1,849 ರೂಪಾಯಿಯನ್ನು ಒಂದೇ ಕಂತಿನಲ್ಲಿ ಎತ್ತಿ ಕೊಡಬಲ್ಲವರು ಯಾರು? ದಿನಗೂಲಿಯವರಲ್ಲ, ಹೂ ಮಾರುವವರಲ್ಲ. ಅವರು 28 ದಿನಕ್ಕೆ 199ರ ಸಣ್ಣ ಪ್ಯಾಕಿಗೆ ಕೈ ಚಾಚುತ್ತಾರೆ. ಹಾಗೆ ವರ್ಷವಿಡೀ ಹಾಕಿಸಿದರೆ 2,587 ರೂಪಾಯಿ. ಒಂದಿಷ್ಟು ಡೇಟಾ ಸಿಗುತ್ತದೆ, ಸರಿ. ಅದು ಬಟನ್ ಫೋನಿಗೆ ಯಾಕೆ ಬೇಕು? ಕೈಯಲ್ಲಿ ಇಡುಗಂಟು ಇಲ್ಲ ಎನ್ನುವ ಒಂದೇ ಕಾರಣಕ್ಕೆ ಅವರು ಏಳು ನೂರಕ್ಕೂ ಹೆಚ್ಚು ರೂಪಾಯಿ ಜಾಸ್ತಿ ತೆರುತ್ತಾರೆ. ಜಾಲ ನಡೆಸಲು, ಟವರ್ ನಿಲ್ಲಿಸಲು ಖರ್ಚಿದೆ ಎಂಬ ಕಂಪನಿಗಳ ಮಾತಿನಲ್ಲಿ ಹುರುಳಿದೆ. ಆದರೆ ಆ ಖರ್ಚನ್ನೆಲ್ಲ ಲೆಕ್ಕಹಾಕಿಯೇ ವರ್ಷಕ್ಕೆ 1,849 ಎಂದು ದರ ಕಟ್ಟಿದ್ದಾರಲ್ಲ. ಅದನ್ನು ಹನ್ನೆರಡರಿಂದ ಭಾಗಿಸಿದರೆ 154 ರೂಪಾಯಿ ಚಿಲ್ಲರೆ. ಪ್ರತಿ ತಿಂಗಳ ವಹಿವಾಟಿನ ಖರ್ಚು ಸೇರಿಸಿ 165 ಎಂದಿಟ್ಟುಕೊಂಡರೂ ಆಗಬಹುದು. ಕರೆ ಮಾತ್ರದ ತಿಂಗಳ ಪ್ಯಾಕನ್ನು ಆ ದರಕ್ಕೆ ಪ್ರತಿ ಕಂಪನಿಯೂ ಕೊಡಬೇಕೆಂದು ಟ್ರಾಯ್ ಆದೇಶಿಸಬೇಕು, ಆ ದರವನ್ನು ರೀಚಾರ್ಜ್ ಅಂಗಡಿಗಳಲ್ಲಿ ಕನ್ನಡದಲ್ಲಿ ತೂಗುಹಾಕಿಸಬೇಕು.