ಬೂವನಹಳ್ಳಿಯ ವಿಮಾನ, ಮೊಸಳೆಯ ಡ್ರೋನ್

ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರನ್ನು ಅಂಗಮಾರಿಯಷ್ಟು ಕಾಡುವ ರೋಗ ಮತ್ತೊಂದಿಲ್ಲ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತದೆ. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲೇ ಔಷಧ ಸಿಂಪಡಿಸಬೇಕು. ಕೂಲಿಯಾಳುಗಳು ಸಿಗದ ಈ ದಿನಗಳಲ್ಲಿ ರೈತರು ಡ್ರೋನ್‌ನತ್ತ ನೋಡುತ್ತಿರುವುದು ಅದಕ್ಕಾಗಿಯೇ. ಕೇಂದ್ರ ಸರ್ಕಾರವೂ 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವಿನಲ್ಲಿ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತು.

2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಇದಕ್ಕೆ ಹಾದಿ ಸುಗಮಗೊಳಿಸಿದವು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಅನುಮತಿ ಬೇಕಿಲ್ಲ. ದಂಡದ ಮಿತಿ 1 ಲಕ್ಷ ರೂಪಾಯಿ. ಆದರೆ ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿ.ಮೀ. ನಡುವಿನ ಪ್ರದೇಶ ನೆಲಮಟ್ಟದಿಂದಲೇ ಹಳದಿ ವಲಯ. ಅಲ್ಲಿ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆ ಕಡ್ಡಾಯ. 8ರಿಂದ 12 ಕಿ.ಮೀ.ವರೆಗೆ 200 ಅಡಿ ತನಕ ವಿನಾಯಿತಿ ಉಂಟು.

ಹಲವು ವರ್ಷ ನನೆಗುದಿಗೆ ಬಿದ್ದಿದ್ದ ಬೂವನಹಳ್ಳಿ ನಿಲ್ದಾಣದಿಂದ ವಿಮಾನ ಹಾರುವ ದಿನ ಸುತ್ತಲಿನ ಆಕಾಶದ ಬಣ್ಣ ಬದಲಾಗಲಿದೆ. ಅಂತರವನ್ನು ಅಳೆಯುವುದು ಹಾಸನ ಪೇಟೆಯಿಂದಲ್ಲ, ನಿಲ್ದಾಣದ ಬೇಲಿಯಿಂದ. ಹೊಯ್ಸಳರ ಜೋಡಿ ಗುಡಿಗಳಿಂದ ಹೆಸರಾದ ಮೊಸಳೆಯೇ ಇರಲಿ, ಪಕ್ಕದ ಇನ್ನಾವುದೇ ಊರಿರಲಿ, ತನ್ನ ಹೊಲ ಯಾವ ಬಣ್ಣಕ್ಕೆ ಸೇರಿತೆಂದು ಪ್ರತಿ ಹಾರಾಟಕ್ಕೆ ಮುನ್ನ ‘ಡಿಜಿಟಲ್ ಸ್ಕೈ’ ಜಾಲತಾಣದಲ್ಲಿ ನೋಡಿಕೊಳ್ಳುವ ಹೊಣೆ ಹಾರಿಸುವವರದೇ.

ತಪ್ಪಿದರೆ? 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನಾಗರಿಕ ಡ್ರೋನ್ ಕರಡು ಮಸೂದೆ ದಂಡಕ್ಕೆ ನಿಲ್ಲದೆ 3 ವರ್ಷದವರೆಗೆ ಸೆರೆವಾಸ, ಪೊಲೀಸರಿಗೆ ಡ್ರೋನ್ ವಶಪಡಿಸಿಕೊಳ್ಳುವ ಅಧಿಕಾರ, ಕಡ್ಡಾಯ ವಿಮೆಗಳನ್ನು ಪ್ರಸ್ತಾಪಿಸಿತು. ವಿಮೆ ಸರಿ, ತಲೆಯ ಮೇಲೆ ಡ್ರೋನ್ ಬಿದ್ದವನಿಗೆ ಪರಿಹಾರ ಸಿಗಲೇಬೇಕು. ಆದರೆ ಗಡಿಯಾಚೆಯಿಂದ ಮಾದಕ ವಸ್ತು ಸಾಗಿಸುವವನನ್ನೂ ಅಂಗಮಾರಿಗೆ ಔಷಧ ಹೊಡೆಯುವವನನ್ನೂ ಒಂದೇ ದಂಡದಿಂದ ಬೆದರಿಸುವುದು ವಿವೇಕವಲ್ಲ.

ಇದಕ್ಕೆ ಹೋಲಿಸಿದರೆ ಪ್ರಯಾಣಿಕರ ವಿಮಾನ ಟ್ಯಾಕ್ಸಿಗಳ ಬಗ್ಗೆ ಸರ್ಕಾರದ ಧೋರಣೆ ಮೃದು. 2024ರಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಅವುಗಳ ಇಳಿದಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಬೆಂಗಳೂರು ವಿಮಾನ ನಿಲ್ದಾಣ ಸರಳಾ ಏವಿಯೇಷನ್ ಜತೆ ಒಪ್ಪಂದಕ್ಕೆ ಬಂತು. 1934ರ ಕಾಯಿದೆಯ ಬದಲಿಗೆ ಹೊಸ ವಾಯುಯಾನ ಅಧಿನಿಯಮ 2025ರ ಜನವರಿ 1ರಂದು ಜಾರಿಯಾಯಿತು. ನಾಳೆ ಇಳಿದಾಣಗಳು ಊರೂರಿಗೆ ಬಂದರೆ ಅವುಗಳ ಸುತ್ತ ಇನ್ನೆಷ್ಟು ಹಳದಿ ವೃತ್ತಗಳು? 2021ರ ಅಂತರಗಳು ವಿಮಾನ ನಿಲ್ದಾಣಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದಂಥವು.

ಸಿಂಪಡಣೆಯ ಡ್ರೋನ್ ಹಾರುವುದು ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ. ಅಷ್ಟಕ್ಕೆ ಹಳದಿ ವಲಯದಲ್ಲೂ ವಿನಾಯಿತಿ ನೀಡಲು ಅಥವಾ ಅನುಮತಿ ಕೋರಿದ ಗಂಟೆಯೊಳಗೆ ಉತ್ತರ ಕೊಡಲು ಕಾನೂನಿನಲ್ಲಿ ಒಂದು ಸಾಲು ಸಾಕು. ಬೂವನಹಳ್ಳಿಯಲ್ಲಿ ಮೊದಲ ವಿಮಾನ ಏರುವ ಮುನ್ನ ಆ ಸಾಲು ಬರೆಯಬೇಕಾಗಿದೆ.